ಗೆದ್ದಲು ತಿಂದ ಐದನೆಯ ಅಧ್ಯಾಯ

ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಫಲಿತಾಂಶ ಬರುವಷ್ಟರಲ್ಲಿ ನಾನು ವಕೀಲಳಾಗಿಬಿಟ್ಟಿದ್ದೆ. ಹನ್ನೊಂದು ಮಧ್ಯಾಹ್ನ ಸಾಕಾಯಿತು. ಬೇರೆಯವರಿಗೆ ಇದಕ್ಕೆ ಐದು ವರ್ಷ ಯಾಕೆ ಬೇಕೋ ಗೊತ್ತಿಲ್ಲ. ಪಾಪ, ಮಧ್ಯಾಹ್ನ ನಿದ್ದೆ ಬರುತ್ತದೇನೋ.

ನನಗೂ ಬರುತ್ತಿತ್ತು, ಅದು ಬೇರೆ ಮಾತು. ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಓದುವುದಕ್ಕೂ ಕನಸು ಕಾಣುವುದಕ್ಕೂ ನಡುವೆ ಗೋಡೆ ಇರುವುದಿಲ್ಲ. ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ಕಿಟಕಿಯಿಂದ ಬಂದು ಮಂಚದ ತುದಿಗೆ ಕೂರುತ್ತಿತ್ತು. ಪುಸ್ತಕ ಎದೆಯ ಮೇಲೆ ಬಿದ್ದಿರುತ್ತಿತ್ತು. ಕಣ್ಣು ಮುಚ್ಚಿದರೆ ಕಾನೂನಿನ ಕಲಂಗಳು ತಾತನ ಕುರಿಗಳ ಹಾಗೆ ಒಂದರ ಬಾಲಕ್ಕೆ ಒಂದು ಮೂಗು ತಾಗಿಸಿಕೊಂಡು ಧೂಳಿನಲ್ಲಿ ಹೋಗುತ್ತಿದ್ದವು. ಒಟ್ಟು ಐನೂರ ಹನ್ನೊಂದು. ಅಷ್ಟನ್ನೂ ಓದಿದ್ದೇನೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ. ಓದಿದ್ದು ಇನ್ನೂರಕ್ಕೆ ಸ್ವಲ್ಪ ಕಡಿಮೆ.

ಪುಸ್ತಕ ನನ್ನ ಸೋದರಮಾವನದು. ಅವನು ಒಬ್ಬ ವಕೀಲರ ಬಳಿ ಗುಮಾಸ್ತ, ಇರುವುದು ನಮ್ಮ ಮನೆಯಲ್ಲೇ. ದಂಡ ಸಂಹಿತೆಯ ಆ ಹಳೆಯ ಕನ್ನಡ ಪ್ರತಿಯನ್ನು ಅಟ್ಟದ ಮೇಲೆ ಇಟ್ಟು ಮರೆತಿದ್ದ. ಮರೆಯದೇ ಇದ್ದದ್ದು ಗೆದ್ದಲು. ನಡುವಿನ ಒಂದಷ್ಟು ಹಾಳೆಗಳನ್ನು ಅದು ಊಟ ಮಾಡಿ ಕೈ ತೊಳೆದುಕೊಂಡಿತ್ತು. ಆದ್ದರಿಂದ ನನ್ನ ಕಾನೂನಿನಲ್ಲಿ ನಾಲ್ಕನೆಯ ಅಧ್ಯಾಯವಾದ ಮೇಲೆ ನೇರ ಆರನೆಯದು ಬರುತ್ತಿತ್ತು. ನೂರ ಆರನೆಯ ಕಲಮಿನಲ್ಲಿ ಮನುಷ್ಯ ತನ್ನ ಜೀವ ಕಾಪಾಡಿಕೊಳ್ಳುತ್ತಿದ್ದ. ಮುಂದಿನ ಪುಟಕ್ಕೆ ತಿರುಗಿದರೆ ನೂರ ಇಪ್ಪತ್ತೊಂದು, ಸರ್ಕಾರದ ಮೇಲೆ ಯುದ್ಧ ಹೂಡಿಬಿಟ್ಟಿದ್ದ. ಬೆಳೆಯುವ ಹುಡುಗ ಎಂದುಕೊಂಡು ಮುಂದೆ ಓದಿದೆ.

ಮಾವ ಮೊದಲ ಪಾಠವನ್ನು ಊಟದ ತಟ್ಟೆಯ ಮುಂದೆ ಹೇಳಿಕೊಟ್ಟ.

"ನೋಡವ್ವ, ಅಪರಾಧ ಅಂದ್ರೆ ಜೋಡೆತ್ತು ಇದ್ದಂಗೆ. ಒಂದು ಕೈ, ಇನ್ನೊಂದು ಮನಸ್ಸು. ಎರಡೂ ಒಂದೇ ನೊಗಕ್ಕೆ ಬಿದ್ರೇನೇ ಗಾಡಿ ಹೋಗೋದು. ಬರೀ ಮನಸ್ಸಲ್ಲಿ ಕದ್ರೆ ಕೇಸಿಲ್ಲ. ಇದ್ದಿದ್ರೆ ಅರ್ಧ ಚಳ್ಳಕೆರೆ ಒಳಗೇ ಇರ್ತಿತ್ತು."

"ಬರೀ ಕೈ ಕದ್ರೆ?"

"ನಿನ್ನ ಚಪ್ಲಿ ಅಂತ ತಿಳ್ಕಂಡು ನನ್ನ ಚಪ್ಲಿ ಮೆಟ್ಕಂಡು ಹೋದೆ ಅಂತಿಟ್ಕ. ಕೈ ಐತೆ, ಅಲ್ಲಲ್ಲ, ಕಾಲೈತೆ. ಮೋಸದ ಮನಸ್ಸಿಲ್ಲ. ಅದು ತಪ್ಪು ತಿಳುವಳಿಕೆ, ಕಳ್ಳತನ ಅಲ್ಲ. ನಾಲ್ಕನೇ ಅಧ್ಯಾಯ ಪೂರ್ತಿ ಇಂಥವೇ. ಕಾನೂನು ಬೇಲಿ ಆದ್ರೆ ಅದು ಬೇಲಿಯಾಗಿನ ಕಂಡಿ."

ಕಂಡಿ ಎಂದ ಕೂಡಲೇ ನನ್ನ ಕಿವಿ ನಿಮಿರಿತು. ಬೇಲಿ ಯಾರಿಗೆ ಬೇಕು? ನಾಲ್ಕನೆಯ ಅಧ್ಯಾಯವನ್ನು ಬಾಯಿಪಾಠ ಮಾಡಿದೆ. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. ಹನ್ನೆರಡರೊಳಗೆ ಬುದ್ಧಿ ಬಲಿಯದಿದ್ದರೆ ಅಲ್ಲ. ಹುಚ್ಚು ಹಿಡಿದವನದು ಅಲ್ಲ. ಸಾಮಾನ್ಯ ಮನುಷ್ಯ ಗೊಣಗಲಾರದಷ್ಟು ಚಿಕ್ಕ ಹಾನಿಯಾದರೆ ಅದೂ ಅಲ್ಲ. ಈ ಕೊನೆಯದನ್ನು ನನಗಾಗಿಯೇ ಬರೆದಿದ್ದಾರೆ ಅನ್ನಿಸಿ ಅವ್ವನ ಡಬ್ಬಿಯ ಬೆಲ್ಲ ತಿನ್ನುವಾಗೆಲ್ಲ ಬಳಸಿದೆ. ಅವ್ವ ಸಾಮಾನ್ಯ ಮನುಷ್ಯಳಲ್ಲ ಎಂಬುದು ಬೆನ್ನಿಗೆ ಬಿದ್ದಾಗ ಗೊತ್ತಾಯಿತು.

ತಮ್ಮನ ಕೇಸು ಇನ್ನೂ ದೊಡ್ಡದು. ನೆಲಕ್ಕೆ ಅಂಟಿಕೊಂಡ ವಸ್ತುವನ್ನು ಕದಿಯಲಾಗದು, ಕಿತ್ತ ಮೇಲಷ್ಟೇ ಅದು ಕಳ್ಳತನದ ಮಾಲು ಎಂದು ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ಅವನು ಬೋರ್‌ವೆಲ್ ನೀರುಣ್ಣುವ ಪಕ್ಕದ ಹೊಲಕ್ಕೆ ಹೋಗಿ, ಗಿಡ ಕೀಳದೆ, ಬೋರಲು ಮಲಗಿ, ಬೆರಳಿನಿಂದ ಮಣ್ಣು ಸರಿಸಿ, ಶೇಂಗಾವನ್ನು ಬೇರಿನಲ್ಲೇ ಬಿಟ್ಟು ತಿನ್ನಲು ಹೋದ. ಹೊಲದವನು ಬಂದು ನೋಡಿದಾಗ ಮೂಗಿನ ತನಕ ಮಣ್ಣು. "ಯಾರಲೇ ಇದು, ಹೊಲದಾಗೆ ಹೂಳೋಕೆ ಬಂದಿರೋ ಹೆಣ?" ಎಂದು ಅವನು ಕೂಗಿದ್ದು ಮೊಳಕಾಲ್ಮೂರಿನವರೆಗೆ ಕೇಳಿಸಿತಂತೆ. ಮಾವ ಸಂಜೆ ತೀರ್ಪು ಕೊಟ್ಟ: "ಕಚ್ಚಿದ್ಯಲ್ಲ, ಕಚ್ಚಿದ್ದೇ ಕಿತ್ತಂಗೆ ಕಣೋ, ಮುಠ್ಠಾಳ."

ಇಷ್ಟು ವಿದ್ಯೆಯೊಂದಿಗೆ ನಾನು ಮೊಳಕಾಲ್ಮೂರು ಕಡೆಯ ಸಿದ್ದಾಪುರಕ್ಕೆ ಹೋದೆ.

ಅಲ್ಲಿ ನೆಂಟರ ಮನೆಯಲ್ಲಿ ಮಗುವಿನ ಜವಳ. ಪಕ್ಕದ ಹಟ್ಟಿಯಿಂದ ನನ್ನ ತಾತ, ಅವ್ವನ ಅಪ್ಪ, ಬಂದಿದ್ದರು. ಹುಟ್ಟಿದಾಗಿನಿಂದ ಕುರಿ ಕಾದವರು. ಎರಡೂ ಕಣ್ಣಿಗೆ ಪೊರೆ ಬಂದು ನೀರು ಮಜ್ಜಿಗೆಯಲ್ಲಿ ಅದ್ದಿದ ಹಾಗೆ ಕಾಣುತ್ತಿದ್ದವು. ಅವರ ಹೆಗಲಿನ ಕರಿ ಕಂಬಳಿ ನನಗಿಂತ ಹಿರಿಯದು. ಅದರಲ್ಲಿ ಉಣ್ಣೆ ಕಡಿಮೆ, ತೂತು ಜಾಸ್ತಿ. ಹೊದ್ದರೆ ಬಲೆಗೆ ಬಿದ್ದ ಮುದಿ ಮೀನಿನ ಹಾಗೆ ಕಾಣುತ್ತಿದ್ದರು. ಹೊಸದು ತಗೋ ತಾತ ಎಂದರೆ, "ಇನ್ನೆಷ್ಟು ದಿನ ಹೊದಿಯೋದವ್ವ ನಾನು, ಹೊಸದಕ್ಕೆ ಯಾಕೆ ಮೋಸ ಮಾಡ್ಲಿ?" ಅನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನಾನು ಆಚೆ ತಿರುಗಿ ಕುರಿ ಎಣಿಸುವ ನಾಟಕ ಮಾಡುತ್ತಿದ್ದೆ. ಇದನ್ನು ಯಾರಿಗೂ ಹೇಳಬೇಡಿ.

ಬಾಡೂಟ ಮುಗಿಯಿತು. ಮುದುಕರೆಲ್ಲ ಬೇವಿನ ನೆರಳಿನ ಕಟ್ಟೆಯ ಮೇಲೆ ಉರುಳಿಕೊಂಡರು. ಕಂಬಳಿಗಳನ್ನು ಮಡಿಸಿ ಒಂದು ಪಕ್ಕಕ್ಕೆ ಒಟ್ಟಿದ್ದರು. ಕರಿಯ ಪ್ರಾಣಿಗಳು ಒಂದರ ಮೇಲೊಂದು ಮಲಗಿ ಮೆಲುಕು ಹಾಕುತ್ತಿರುವಂತೆ ಇತ್ತು. ಗಾಳಿ ನಿಂತಿತ್ತು. ಬಂಡೆಗಳ ಗುಡ್ಡ ಬಿಸಿಲಿಗೆ ಬುಡ ಕರಗಿ ನೆಲದಿಂದ ಗೇಣು ಮೇಲೆ ತೇಲುತ್ತಿತ್ತು. ಲೋಕದಲ್ಲಿ ಎಚ್ಚರ ಇದ್ದವಳು ನಾನೊಬ್ಬಳೇ, ಅದೂ ಅರ್ಧ.

ಆ ಅರ್ಧ ಎಚ್ಚರದಲ್ಲಿ ನನಗೆ ಹೊಳೆದದ್ದು ಇದು. ಕೈ ಒಬ್ಬರದು, ಮನಸ್ಸು ಇನ್ನೊಬ್ಬರದು ಆದರೆ? ತಾತ ತಮ್ಮದೇ ಎಂದು ನಂಬಿ ಬೇರೆಯವರ ಕಂಬಳಿ ಎತ್ತಿಕೊಂಡರೆ ಅವರಿಗೆ ಮೋಸದ ಮನಸ್ಸಿಲ್ಲ. ನನಗೆ ಮನಸ್ಸಿದೆ, ಆದರೆ ನಾನು ಮುಟ್ಟುವುದೇ ಇಲ್ಲ. ಎತ್ತುಗಳು ಎರಡು, ನೊಗಗಳೂ ಎರಡು. ಕಳ್ಳನೇ ಇಲ್ಲದ ಕಳ್ಳತನ! ಇಂಥ ಕಂಡಿಯನ್ನು ಈವರೆಗೆ ಯಾವ ಹೈಕೋರ್ಟು ವಕೀಲರೂ ಕಂಡಿರಲಾರರು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇಳಿಹೊತ್ತಿಗೆ ತಾತ ಎದ್ದು ಕೈ ಚಾಚಿದರು. "ನನ್ನ ಕಂಬ್ಳಿ ಎಲ್ಲೈತವ್ವ?"

ನಾನು ಅವರ ಕೈಯನ್ನು ಹಿಡಿಯಲಿಲ್ಲ. ಕಾನೂನು ಎಂದರೆ ಕಾನೂನು. ಬಾಯಿಂದ ಮಾತ್ರ ದಾರಿ ತೋರಿಸಿದೆ. "ಎಡಕ್ಕೆ ತಾತ. ಇನ್ನೂ ಎಡಕ್ಕೆ. ಹ್ಞಾಂ, ಅದೇ."

ಅದು ರಾಶಿಯಲ್ಲೇ ಹೊಚ್ಚ ಹೊಸದು, ಅಂಚಿನಲ್ಲಿ ಎರಡು ಬಿಳಿ ಗೆರೆ. ತಾತ ಬೆರಳಾಡಿಸಿದರು. "ಏನವ್ವ, ಬಿರುಸಾಗೈತಲ್ಲ?"

"ಬಿಸಿಲಿಗೆ ಒಣಗೈತೆ ತಾತ."

ಅವರು ನಂಬಿದರು. ಹೆಗಲಿಗೆ ಹಾಕಿಕೊಂಡರು. ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಮುಂದೆ ಮುಂದೆ ನಡೆದ ಅವರ ಬೆನ್ನಿಗೆ ಒಂದೂ ತೂತಿರಲಿಲ್ಲ. ಇಳಿಬಿಸಿಲು ಅದರೊಳಗೆ ತೂರಲಾಗದೆ ಸುತ್ತಲೂ ಚೆಲ್ಲಿ, ತಾತನಿಗೆ ಹೊನ್ನಿನ ಅಂಚು ಬಂದಂತೆ ಕಂಡಿತು. ನಾನು ಇನ್ನೂ ಕನಸಿನಲ್ಲೇ ಇದ್ದೆ.

ಎಂಟು ದಿನಕ್ಕೆ ಹಟ್ಟಿಯಿಂದ ಸುದ್ದಿ ಬಂತು. ಕಂಬಳಿ ಮೊಳಕಾಲ್ಮೂರಿನ ಬೀಗರದಂತೆ. ತಾತನ ಹಿರಿಯ ಸೊಸೆಯ ತಂದೆ, ತಾತನಷ್ಟೇ ವಯಸ್ಸು, ಅರ್ಧ ತೆಲುಗು ಅರ್ಧ ಕನ್ನಡದ ಮನುಷ್ಯ. ತಮ್ಮ ಹಿಂಡಿನ ಉಣ್ಣೆಯಿಂದಲೇ ನೇಯಿಸಿದ್ದಂತೆ. ಎದ್ದಾಗ ಅವರ ಪಾಲಿಗೆ ತಾತನ ಬಲೆ ಉಳಿದಿತ್ತು. ಮೊದಲು ನಕ್ಕರಂತೆ. ಆಮೇಲೆ ಯಾರೋ, "ಕುರಿ ಕಾಣಲ್ಲ, ಮೊಮ್ಮಕ್ಕಳ ಮುಖ ಕಾಣಲ್ಲ, ಹೊಸ ಕಂಬ್ಳಿ ಮಾತ್ರ ಹೆಂಗೆ ಕಾಣ್ತದೋ ಆ ಮುದುಕಂಗೆ" ಎಂದರಂತೆ. ಮಾತು ಹಟ್ಟಿಯಿಂದ ಹಟ್ಟಿಗೆ ಹೋಯಿತು. ತಾತ ಎರಡು ದಿನದಿಂದ ಮುದ್ದೆ ಮುಟ್ಟಿಲ್ಲ. ಸಿದ್ದಾಪುರದ ಅದೇ ಕಟ್ಟೆಯ ಮೇಲೆ ಕೂತು ಮಾತು ಮುಗಿಸೋಣ ಎಂದು ಹಿರಿಯರು ಕರೆದಿದ್ದಾರೆ.

ಮಾವನ ಜೊತೆ ನಾನೂ ಮೊಳಕಾಲ್ಮೂರು ಬಸ್ಸು ಹತ್ತಿದೆ. ತಾತನ ಪರ ವಾದಿಸುವವಳು ನಾನೇ ತಾನೆ? ವಾದ ತಯಾರಾಗಿಯೇ ಇತ್ತು. ಕಿಟಕಿಯ ಪಕ್ಕ ಕೂತು, ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. "ಮಾವ, ಒಬ್ಬ ಇನ್ನೊಬ್ಬನಿಗೆ, ಅದು ನಿಂದೇ ವಸ್ತು ಅಂತ ನಂಬಿಸಿ ಎತ್ತಿಸಿದ್ರೆ, ಯಾರಿಗೂ ಶಿಕ್ಷೆ ಇಲ್ಲ ಅಲ್ವಾ?"

ಮಾವ ಟಿಕೆಟನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ, "ಎತ್ತಿದೋನಿಗೆ ಇಲ್ಲ. ಎತ್ತಿಸಿದೋನಿಗೈತೆ. ನೂರ ಎಂಟು. ದುಷ್ಪ್ರೇರಣೆ" ಎಂದ.

"ನಮ್ಮ ಪುಸ್ತಕದಾಗೆ ಇಲ್ವಲ್ಲ!"

"ಐದನೇ ಅಧ್ಯಾಯ. ಗೆದ್ದಲು ತಿಂದೈತೆ."

"ಹಂಗಾದ್ರೆ?"

"ಹಂಗಾದ್ರೆ ಏನು? ತಿಂದಿರೋದು ಹಾಳೆ ಕಣವ್ವ." ಆಮೇಲೆ ನನ್ನ ಮುಖ ನೋಡಿದ. ಗುಮಾಸ್ತರು ಮುಖ ಓದುವುದರಲ್ಲಿ ವಕೀಲರಿಗಿಂತ ಚುರುಕು. ಅವನು ಸೀಟಿನಲ್ಲಿ ನನ್ನಿಂದ ಸ್ವಲ್ಪ ದೂರ ಸರಿದು ಕೂತ.

ಉಳಿದ ದಾರಿಯುದ್ದಕ್ಕೂ ನಾನು ಕಂಡಿಗಳನ್ನು ಒಂದೊಂದಾಗಿ ತಳ್ಳಿ ನೋಡಿದೆ. ಏಳು ವರ್ಷದೊಳಗೆ? ಒಂಬತ್ತು ವರ್ಷ ತಡವಾಗಿತ್ತು. ಹುಚ್ಚು? ಬೀದಿಯಲ್ಲಿ ಸಾಕ್ಷಿ ಸಿಗುತ್ತಿತ್ತು, ಆದರೂ ಅಷ್ಟಲ್ಲ. ಗೊಣಗಲಾರದಷ್ಟು ಚಿಕ್ಕ ಹಾನಿ? ತಾತ ಎರಡು ದಿನದಿಂದ ಉಂಡಿಲ್ಲ. ಕನಸಿನಲ್ಲಿ ಮಾಡಿದೆ ಎನ್ನಲೇ? "ಬಿಸಿಲಿಗೆ ಒಣಗೈತೆ" ಎಂದ ನಾಲಿಗೆ ಪೂರಾ ಎಚ್ಚರವಾಗಿತ್ತು. ಹೊರಗೆ ಹುಲ್ಲು ಬಿಳಿಚಿಕೊಂಡು ಹಿಂದೆ ಹಿಂದೆ ಓಡುತ್ತಿತ್ತು. ಸಿದ್ದಾಪುರ ಬರದೇ ಇದ್ದರೆ ಚೆನ್ನ ಅನ್ನಿಸಿತು. ಅದು ಬಂತು.

ಕಟ್ಟೆಯ ಮೇಲೆ ಬಿಳಿ ಗೆರೆಯ ಕಂಬಳಿಯನ್ನು ಮಡಿಸಿ ಗದ್ದುಗೆಯಂತೆ ಇಟ್ಟು, ಮೇಲೆ ಅರಿಸಿನದ ಭಂಡಾರ ಉದುರಿಸಿದ್ದರು. ಕುರಿ ಕಾಯುವ ನಮ್ಮವರಿಗೆ ಕೋರ್ಟು ಬೇರೆ ಬೇಡ. ಭಂಡಾರ ಬಿದ್ದ ಕಂಬಳಿ ಮುಟ್ಟಿ ಹೇಳಿದ್ದೇ ಕೊನೆಯ ಮಾತು. ಸುಳ್ಳು ಹೇಳಿದವನ ಕಂಬಳಿಯನ್ನು ಮತ್ತೆಂದೂ ದೇವರ ಮುಂದೆ ಹಾಸುವಂತಿಲ್ಲ. ಜೈಲಾದರೆ ತಿರುಗಿ ಬರಬಹುದು, ಇದರಿಂದ ಬರಲಿಕ್ಕಾಗದು ಎಂದು ತಾತನೇ ನನಗೆ ಹಿಂದೆ ಹೇಳಿದ್ದರು.

ತಾತ ಎದ್ದು ನಿಂತರು. "ಸುದ್ದಿ ಬಂದ ಮೇಲೆ ಮೂಸಿ ನೋಡ್ದೆ. ಹೊಸ ಕಂಬ್ಳಿಗೆ ಹಚ್ಚೋ ಹುಣಸೆ ಬೀಜದ ಗಂಜಿ ವಾಸ್ನೆ. ಹೊಸದು. ನಂದಲ್ಲ. ಕಣ್ಣು ಮಂಜು, ಬೀಗ್ರೆ, ತಪ್ಪಿ ಎತ್ಕಂಡೆ."

ಬೀಗರು ನೆಲ ನೋಡುತ್ತ ಕೇಳಿದರು. "ನಾನು ನಂಬ್ತೀನಿ. ಊರು ನಂಬ್ಬೇಕಲ್ಲ ಬಾವಾ. ಅಷ್ಟು ರಾಶಿಯಾಗೆ ಸರಿಯಾಗಿ ಹೊಸದೇ ಕೈಗೆ ಬಂತಾ? ಯಾರಾದ್ರೂ ತೋರಿಸಿದ್ರಾ?"

ತಾತನಿಗೆ ನಾನು ಕಾಣುತ್ತಿರಲಿಲ್ಲ, ಆದರೂ ಮುಖವನ್ನು ನನ್ನ ಕಡೆಗಿಂದ ಆಚೆಗೆ ತಿರುಗಿಸಿದರು.

"ಯಾರೂ ತೋರಿಸ್ಲಿಲ್ಲ."

"ಹಂಗಾದ್ರೆ ಅಷ್ಟನ್ನು ಕಂಬ್ಳಿ ಮುಟ್ಟಿ ಹೇಳ್ಬಿಡ್ರಿ. ಮುಗೀತು."

ತಾತನ ಕೈ ಮೇಲೆದ್ದಿತು. ಕುರಿಯ ಹಲ್ಲು, ಕತ್ತರಿ, ಮುಳ್ಳು ಎಲ್ಲದರ ಗುರುತು ಇದ್ದ ಕೈ. ಅದು ಗಾಳಿಯಲ್ಲಿ ಗದ್ದುಗೆಯನ್ನು ಹುಡುಕುತ್ತ ನಿಧಾನಕ್ಕೆ ಇಳಿಯತೊಡಗಿತು. ನೀರಿನೊಳಗೆ ಇಳಿಯುವಷ್ಟು ನಿಧಾನ. ನಿಜ ಹೇಳಿದರೆ ನಾನು ಸಿಕ್ಕಿಬೀಳುತ್ತೇನೆ ಎಂದು, ಒಂದು ಕಂಬಳಿಯ ಮೇಲೂ ಎಂದೂ ಸುಳ್ಳಾಡದ ಮನುಷ್ಯ ಈಗ ಸುಳ್ಳಾಡಲು ಹೊರಟಿದ್ದರು.

"ತಾತಾ, ಕೈ ತೆಗಿ!"

ಬೇವಿನ ಮರದ ಕಾಗೆ ಹಾರಿಹೋಯಿತು. ಎಲ್ಲರೂ ತಿರುಗಿದರು.

"ತೋರಿಸಿದ್ದು ನಾನು. ಗೊತ್ತಿದ್ದೇ ತೋರಿಸ್ದೆ. ಬಿರುಸಾಗೈತೆ ಅಂದ್ರು, ಬಿಸಿಲು ಅಂತ ಸುಳ್ಳು ಹೇಳ್ದೆ. ತಾತಂಗೆ ಏನೂ ಗೊತ್ತಿಲ್ಲ."

ಬೀಗರು ಹುಬ್ಬು ಏರಿಸಿದರು. "ಏಮಿ ಅಮ್ಮಾಯಿ, ಏನೋ ದೊಡ್ಡ ಪುಸ್ತಕ ಓದಿದೀಯಂತೆ. ಇದಕ್ಕೆ ಅದ್ರಾಗೆ ಏನು ಬರೆದೈತೆ?"

"ಆ ಹಾಳೆ ಗೆದ್ದಲು ತಿಂದೈತೆ" ಎಂದೆ. ಮಾವ ಕೆಮ್ಮಿದ. ಬೀಗರ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು.

"ಗೆದ್ದಲು ತಿಂದಿದ್ದನ್ನ ನಾನು ಹೇಳ್ತೀನಿ ಕೇಳು. ನಿಮ್ಮ ತಾತನ ಈ ಬಲೆ ಐತಲ್ಲ, ಇದರ ತೂತೆಲ್ಲ ನೀನೇ ಹೊಲೀಬೇಕು. ಉಣ್ಣೆ ನಾನು ಕೊಡ್ತೀನಿ. ಎಂಟು ದಿನ ಹೊದ್ದು ನನ್ನ ಬೆನ್ನೆಲ್ಲ ಗಾಳಿ."

ರಜೆ ಮುಗಿಯುವ ತನಕ ಹಟ್ಟಿಯಲ್ಲೇ ಇದ್ದೆ. ಒಟ್ಟು ಮೂವತ್ತೊಂದು ತೂತು. ಬೀದಿಯಲ್ಲಿ ಮುನ್ನೂರು ಅಂದಿದ್ದೇನೆ. ತಾತ ಮೊದಲ ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ಸೂಜಿಗೆ ಉಣ್ಣೆ ಪೋಣಿಸುವಾಗ ಮಾತ್ರ ಪಕ್ಕದಲ್ಲಿ ಬಂದು ಕೂರುತ್ತಿದ್ದರು. ಸೇರಿಸಿದ ಹೊಸ ಉಣ್ಣೆ ಕಂದು ಬಣ್ಣದ್ದು, ಹಳೆಯದು ಮಸಿ ಕಪ್ಪು. ಕಂಬಳಿ ದಿನದಿಂದ ದಿನಕ್ಕೆ ಚಿರತೆಯಂತಾಯಿತು.

ಕೊನೆಯ ತೂತಿಗೆ ಸೂಜಿ ಹಾಕಿದಾಗ ತಾತ ನನ್ನ ಮಣಿಕಟ್ಟು ಹಿಡಿದರು. "ಅದೊಂದು ಬಿಡವ್ವ."

"ಯಾಕೆ ತಾತ?"

"ಮಧ್ಯಾಹ್ನ ಮುಖದ ಮೇಲೆ ಹೊದ್ಕಂಡು ಮಲಗ್ತೀನಲ್ಲ, ಅದ್ರಾಗೆ ಕುರಿ ನೋಡ್ಕಂತೀನಿ."

"ನಿನ್ನ ಕಣ್ಣಿಗೆ ಕುರಿ ಕಾಣ್ತಾವಾ?"

"ಬೆಳ್ಳಗೆ ಏನೋ ಅಡ್ಡಾಡ್ತಾವೆ" ಎಂದು ಅವರು ಕಂಬಳಿ ಎಳೆದುಕೊಂಡು ಮಲಗಿದರು. ಸ್ವಲ್ಪ ಹೊತ್ತಿಗೆ ನಾನೂ ಆ ಕಂಬಳಿಯ ತುದಿಗೆ ತಲೆ ಇಟ್ಟೆ. ಗುಡ್ಡ ಬಿಸಿಲಿನಲ್ಲಿ ಮತ್ತೆ ತೇಲತೊಡಗಿತ್ತು. "ಎದ್ದಾಗ ಯಾರ ಕಂಬ್ಳಿ ಎಲ್ಲೈತೆ ಅಂತ ಸರಿಯಾಗಿ ಹೇಳವ್ವ" ಎಂದು ಒಳಗಿನಿಂದ ತಾತನ ದನಿ ಬಂತು. ತೂತಿನಲ್ಲಿ ಅವರ ಮಜ್ಜಿಗೆ ಕಣ್ಣು ನಗುತ್ತಿತ್ತು.