ಹಿಂದಿನ ಸೀಟಿನ ಐವತ್ತೆರಡು ಕಿಲೋ

ಎಂಜಿನ್ ನಿಲ್ಲಬಹುದಿತ್ತು. ಪೆಟ್ರೋಲಿನಲ್ಲಿ ನೀರು ಸೇರಿರಬಹುದಿತ್ತು. ಹದ್ದೊಂದು ಬಂದು ಪ್ರೊಪೆಲರಿಗೆ ಬಡಿಯಬಹುದಿತ್ತು. ಆಲಪ್ಪುಳದ ಮೇಲೆ ಮೋಡ ಕವಿದು ಯಾವುದು ಕಡಲು, ಯಾವುದು ಆಕಾಶ ಎಂಬುದೇ ತಿಳಿಯದೆ ಹೋಗಬಹುದಿತ್ತು. ಎಪ್ಪತ್ತರ ಹತ್ತಿರದ ಪೈಲಟ್ಟಿಗೆ ಎದೆನೋವು ಬಂದು, ಸ್ಕೂಟರನ್ನೇ ಸ್ಟ್ಯಾಂಡಿಗೆ ಹಾಕಲು ಬಾರದ ನನ್ನ ಪಾಲಿಗೆ ವಿಮಾನ ಇಳಿಸುವ ಕೆಲಸ ಬೀಳಬಹುದಿತ್ತು. ಈ ಪಟ್ಟಿಯನ್ನು ಹಾರುವ ಹಿಂದಿನ ದಿನವೇ ಬ್ಯಾಂಕಿನ ಚಲನ್ನಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಬರೆದಿಟ್ಟ ಆಪತ್ತು ಬರುವುದಿಲ್ಲ, ಬರೆಯದೆ ಬಿಟ್ಟದ್ದೇ ಬರುತ್ತದೆ ಎಂಬುದು ನನ್ನ ಹಳೆಯ ನಂಬಿಕೆ.

ಅದೆಲ್ಲ ಮತ್ತೆ ನೆನಪಾದದ್ದು ಕಳೆದ ಭಾನುವಾರ, ಅಕ್ಕಿಯ ದೆಸೆಯಿಂದ. ಕೊಚ್ಚಿಯ ಕಾಕ್ಕನಾಡಿನ ಅಂಗಡಿಯಿಂದ ಇಪ್ಪತ್ತೈದು ಕಿಲೋ ಸೋನಾ ಮಸೂರಿ ತಂದು ಕಾರಿನ ಮುಂದಿನ ಸೀಟಿನಲ್ಲಿಟ್ಟೆ. ಕಾರು ಕೂಗತೊಡಗಿತು. ಹೊಸ ಕಾರು ನೋಡಿ, ಸೀಟಿನ ಮೇಲೆ ಭಾರ ಬಿದ್ದರೆ ಯಾರೋ ಕುಳಿತರೆಂದೇ ತಿಳಿಯುತ್ತದೆ. "ಅಕ್ಕಿಗೂ ಬೆಲ್ಟ್ ಹಾಕ್ರೀ, ಪಾಪ," ಎಂದಳು ಹಿಂದೆ ಕುಳಿತಿದ್ದ ಹೆಂಡತಿ. ಹಾಕಿದೆ. ಸದ್ದು ನಿಂತಿತು. ನನ್ನ ಕೈ ಮಾತ್ರ ಆ ಕೊಂಡಿಯ ಮೇಲೇ ಉಳಿಯಿತು.

ನಾನು ತಿರುವನಂತಪುರದ ಶಾಖೆಯಲ್ಲಿದ್ದಾಗ ರಾಯರು ನಮ್ಮ ಮಹಡಿಯ ಮೇಲಿನ ಮನೆಯವರು. ಬಾಹ್ಯಾಕಾಶ ಸಂಸ್ಥೆಯ ನಿವೃತ್ತ ವಿಜ್ಞಾನಿ. ಕೆಲಸದಲ್ಲಿದ್ದಾಗಲೇ ಮೈಸೂರಿನ ಸೈಟುಗಳನ್ನು ಮಾರಿ ನಾಲ್ಕು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡಿದ್ದರು. ಖರ್ಚೆಷ್ಟು ಎಂದು ಕೇಳದೆ ಇದ್ದರೆ ನಾನು ಬ್ಯಾಂಕಿನವನು ಹೇಗಾದೇನು?

"ಆನೆ ಸಾಕಿದ ಹಾಗೆ ಕಣ್ರೀ," ಎಂದರು. "ಅಲ್ಲ, ಆನೆಯಾದ್ರೂ ಇಲ್ಲಿ ಪೂರಂ ಜಾತ್ರೆಗೆ ಹೋಗಿ ದುಡ್ಕೊಂಡು ಬರುತ್ತೆ."

ನಿಂತರೆ ಜಾಗದ ಬಾಡಿಗೆ. ಹಾರಲಿ ಬಿಡಲಿ, ವಿಮೆ ಮತ್ತು ವರ್ಷದ ತಪಾಸಣೆ. ಹಾರಿದ ಪ್ರತಿ ಗಂಟೆಗೂ, ಮುಂದೆಂದೋ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟುವ ದಿನಕ್ಕೆಂದು ಹಣ ಎತ್ತಿಡಬೇಕು. ಹಾರದಿದ್ದರೆ ಒಳಗೇ ತುಕ್ಕು. ಅದರ ಪೆಟ್ರೋಲು ಬಂಕಿನಲ್ಲಿ ಸಿಗದು, ಡ್ರಮ್ಮಿನಲ್ಲಿ ತರಿಸಬೇಕು. ಕಡಲ ಗಾಳಿ ರೆಕ್ಕೆಯನ್ನು ತಿನ್ನುತ್ತದೆ, ಸಿಹಿನೀರಿನಲ್ಲಿ ತೊಳೆಯುತ್ತಿರಬೇಕು. "ಇವೆಲ್ಲ ಅಗ್ಗದ ಬಾಬ್ತು," ಎನ್ನುತ್ತಿದ್ದರು ರಾಯರು. ದುಬಾರಿಯದು ಯಾವುದೆಂದು ಅವರ ಹೆಂಡತಿ ಸರಸ್ವತಮ್ಮನವರನ್ನು ನೋಡಿದವರಿಗೆ ಗೊತ್ತಿತ್ತು. ಇಪ್ಪತ್ತು ವರ್ಷದ ಭಾನುವಾರಗಳನ್ನು ಆಕೆ ಹ್ಯಾಂಗರಿನ ಕಾದ ತಗಡಿನ ಕೆಳಗೆ, ಮಡಚುವ ಕುರ್ಚಿಯಲ್ಲಿ, ಫ್ಲಾಸ್ಕು ಹಿಡಿದು ಕಳೆದಿದ್ದರು. ತಂಗಿಯ ಮಗಳ ಮದುವೆಗೂ ಹೋಗಲಾಗಲಿಲ್ಲ, ಆ ವಾರ ತಪಾಸಣೆ. ಹಾರುವಾಗ ಆಕೆಯದು ಹಿಂದಿನ ಸೀಟು. ಮುಂದಿನ ಮೀಟರುಗಳ ಮುಳ್ಳುಗಳನ್ನು ನೋಡಿದರೆ ಭಯವಂತೆ.

ಆಕೆ ತೀರಿಕೊಂಡು ಎರಡು ವರ್ಷವಾದ ಮೇಲೆ ವೈದ್ಯರು ರಾಯರ ಕಣ್ಣು ನೋಡಿ, ಇನ್ನು ಮುಂದೆ ಹಾರಲು ಸಹಿ ಹಾಕುವುದಿಲ್ಲ ಎಂದರು. ಹಳೆಯ ವೈದ್ಯಕೀಯ ಪತ್ರದ ಅವಧಿ ಮುಗಿಯಲು ಒಂದು ತಿಂಗಳು ಬಾಕಿಯಿತ್ತು. ಕೊಚ್ಚಿಯಲ್ಲೊಬ್ಬರು ವಿಮಾನ ಕೊಳ್ಳಲು ಒಪ್ಪಿದರು. ನನಗೂ ಅದೇ ತಿಂಗಳು ಕೊಚ್ಚಿಗೆ ವರ್ಗವಾಯಿತು. "ಬನ್ರೀ, ಕೊನೇ ಸಲ. ಒಬ್ಬನೇ ಹೋಗಕ್ಕೆ ಮನಸ್ಸಾಗ್ತಿಲ್ಲ," ಎಂದರು. ಇಲ್ಲ ಎನ್ನಲು ಬರುತ್ತಿದ್ದರೆ ನನ್ನ ಬದುಕಿನಲ್ಲಿ ಅರ್ಧ ಚಿಂತೆಗಳೇ ಇರುತ್ತಿರಲಿಲ್ಲ.

ಸಣ್ಣ ವಿಮಾನದಲ್ಲಿ ಹತ್ತುವವರ ತೂಕ ಬರೆಯದೆ ಹೊರಡುವಂತಿಲ್ಲ. ನನ್ನನ್ನು ಯಂತ್ರದ ಮೇಲೆ ನಿಲ್ಲಿಸಿದರು. ಎಂಬತ್ತನಾಲ್ಕು.

"ಶೂ ಬಿಚ್ಚಲಾ ಸಾರ್?"

"ಯಾಕೆ, ಶೂ ಬಿಟ್ಟು ಬರ್ತೀರಾ?"

ಕಾಗದದಲ್ಲಿ ನನ್ನ ಹೆಸರಿನ ಕೆಳಗೆ ಇನ್ನೊಂದು ಸಾಲಿತ್ತು: ಸರಸ್ವತಿ, ೫೨. ತಿರುಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಒಂದು ಗೋಣಿಮೂಟೆ. ಬೆನ್ನಿಗೆ ದಿಂಬು, ಸೊಂಟಕ್ಕೆ ಬೆಲ್ಟು. ಪಕ್ಕದ ಕೊಕ್ಕೆಯಲ್ಲಿ ಹೆಡ್‌ಫೋನು.

"ಮುಂದೆ ಇಬ್ಬರು ದಪ್ಪ ಗಂಡಸರು, ಹಿಂದೆ ಖಾಲಿ ಇದ್ರೆ ವಿಮಾನದ ಮೂಗು ಭಾರ," ಎಂದರು ರಾಯರು, ನನ್ನತ್ತ ನೋಡದೆ. "ಮರಳು ಅದು, ಶಂಖುಮುಖದ ಬೀಚಿಂದು. ಅವಳು ತೀರಿಕೊಂಡ ವಾರವೇ ನಾನು ತುಂಬಿದ್ದು. ಬರೆಯೋದು ಐವತ್ತೆರಡು, ತುಂಬಿದ್ದು ಅರವತ್ತು."

"ಅಂದ್ರೆ?"

"ಇಪ್ಪತ್ತು ವರ್ಷವೂ ಐವತ್ತೆರಡು ಅಂತ್ಲೇ ಹೇಳಿದಳು ಕಣ್ರೀ. ವಿಮಾನಕ್ಕೆ ಗೊತ್ತಾಗೋದು, ಬಾಲ ಜಗ್ಗೋದು. ಎಲ್ಲರನ್ನೂ ಯಂತ್ರದ ಮೇಲೆ ನಿಲ್ಲಿಸಿದೆ, ಅವಳನ್ನ ಒಂದಿನಾನೂ ನಿಲ್ಲಿಸಲಿಲ್ಲ." ಕಾಗದ ಮಡಚುತ್ತ ಹೇಳಿದರು, "ಒಂದು ಉಪಕಾರ ಮಾಡಿ. ಇಳಿದ ಮೇಲೆ ಅವಳ ಬೆಲ್ಟ್ ನೀವು ಬಿಚ್ಚಿಬಿಡಿ. ಮೂಟೆ ಅಲ್ಲೇ ಇರಲಿ, ಮರಳು ತಾನೆ. ಆದ್ರೆ ಅವಳನ್ನ ಕಟ್ಟಿ ಕೂರಿಸಿ ಮಾರಿದ ಹಾಗೆ ಆಗಬಾರದು. ನನ್ನ ಕೈಯಲ್ಲಾಗಲ್ಲ."

ಹಾರಿದೆವು. ಕೆಳಗೆ ಹಿನ್ನೀರು ಸತ್ತ ಮೀನಿನ ಹೊಟ್ಟೆಯಂತೆ ಬೆಳ್ಳಗಿತ್ತು. ಆಲಪ್ಪುಳ ದಾಟುವಾಗ ನನ್ನ ಕಿವಿಯ ಹೆಡ್‌ಫೋನಿನಲ್ಲಿ ಯಾರೋ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. ರಾಯರ ತುಟಿ ಅಲುಗಿರಲಿಲ್ಲ. ನಾನಂತೂ ಅಲ್ಲ.

"ಹಿಂದಿನ ಹೆಡ್‌ಫೋನಿನ ಮೈಕು," ಎಂದರು ರಾಯರು. "ಸದ್ದಾದರೆ ತಾನೇ ತೆರ್ಕೊಳುತ್ತೆ. ಗಾಳಿಗೂ ತೆರ್ಕೊಳುತ್ತೆ."

ಗಾಳಿ. ನಾನು ಒಪ್ಪಿದೆ. ವಿಮಾನ ತಿರುಗಿದಾಗ ಹಿಂದೆ ಗೋಣಿ ಸರಕ್ಕೆಂದು ವಾಲಿತು, ಸೀರೆ ಸರಿಮಾಡಿಕೊಂಡಂತೆ. ಅದಕ್ಕೂ ಒಪ್ಪಿದೆ. ಕೊಚ್ಚಿ ಹತ್ತಿರದ ಏಲೂರಿನ ಹೊಗೆಕೊಳವೆಗಳು ಕಂಡಾಗ ರಾಯರು ಅರ್ಧ ಕತ್ತು ತಿರುಗಿಸಿ, "ಬಂದೇಬಿಡ್ತು ಕಣೇ," ಎಂದರು. ಕಿವಿಯಲ್ಲಿ ಒಂದು ಉಸಿರು, ಉದ್ದನೆಯದು, ಕೇಳಿ ನಿಂತಿತು. ನಾನು ಹಿಂದೆ ನೋಡಲಿಲ್ಲ. ನನಗೆ ನೋಡಲು ಮುಂದೆಯೇ ಬೇಕಾದಷ್ಟು ಮುಳ್ಳುಗಳಿದ್ದವು.

ಇಳಿದದ್ದು ಹೂವಿನಂತೆ. ಬದುಕಿ ಉಳಿದ ಸಂತೋಷದಲ್ಲಿ ನಾನು ಯಾರ್ಯಾರದೋ ಕೈ ಕುಲುಕಿದೆ. ಕೊಂಡವರ ಮೆಕ್ಯಾನಿಕ್ ವಿಮಾನಕ್ಕೆ ಬೀಗ ಹಾಕಿದ. ಟ್ಯಾಕ್ಸಿಯಲ್ಲಿ ರಾಯರು ಕೇಳಿದರು:

"ಬಿಚ್ಚಿದ್ರಾ?"

"ಬಿಚ್ಚಿದೆ ಸಾರ್."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ಉತ್ತರ ಕೊಟ್ಟ ಮೇಲೆ ನನ್ನ ಬೆರಳುಗಳು ತಾವು ಆ ಕೊಂಡಿಯನ್ನು ಮುಟ್ಟಿಯೇ ಇಲ್ಲವೆಂದು ನೆನಪಿಸಿಕೊಂಡವು. ರಾಯರು ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದರು. ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಮೈ ಸಡಿಲಬಿಟ್ಟವರಂತೆ ಕಂಡರು. ಹೇಗೆ ಹೇಳಲಿ?

ಮರುದಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಹಿಂದಿನ ಸೀಟಿನ ಬೆಲ್ಟಿನ ವಿಷಯ ಕೇಳಿದೆ. "ಚಾಕ್ಕ್ ಅಲ್ಲೇ ಸಾರೇ?" ಎಂದು ನಕ್ಕ. ಮಲಯಾಳದಲ್ಲಿ ಚಾಕ್ಕ್ ಎಂದರೆ ಮೂಟೆ; ಮೂಟೆ ತಾನೆ, ಎಂದು ಅವನ ಮಾತು. ಬೆಲ್ಟು ಬಿಗಿಯಾಗಿಯೇ ಇತ್ತಂತೆ, ತಾನೇ ಬಿಚ್ಚಿದನಂತೆ. ವಿಮಾನದಿಂದ ತೆಗೆದದ್ದನ್ನೆಲ್ಲ ತೂಗಿ ಬರೆಯುವುದು ಅವನ ಕೆಲಸ. ಎಷ್ಟು ಬಂತು ಎಂದೆ.

"ಅಂಬತ್ತಿರಂಡ್," ಎಂದ. ಐವತ್ತೆರಡು.

ಎರಡು ವರ್ಷದಲ್ಲಿ ಒದ್ದೆ ಮರಳು ಒಣಗಿರಬೇಕು. ರಾಯರಿಗೆ ಫೋನ್ ಮಾಡಿ ತೂಕ ತಿಳಿಸಿ, ಹಾಗೆಂದೇ ಹೇಳಿದೆ. ಬೆಲ್ಟಿನ ಮಾತೆತ್ತಲಿಲ್ಲ.

"ಹಾಗಾದ್ರೆ ಅವಳು ಹೇಳಿದ್ದೇ ಸರಿ," ಎಂದರು ರಾಯರು. "ನೀವೇ ಬೆಲ್ಟ್ ಬಿಚ್ಚಿದ್ದು ಒಳ್ಳೇದಾಯ್ತು. ಪರಿಚಯದವರ ಕೈ."

ಕಳೆದ ಭಾನುವಾರ ಮನೆ ತಲುಪಿದಾಗ ನಾನು ಎಂಜಿನ್ ಆರಿಸುವ ಮೊದಲು, ನನ್ನ ಬೆಲ್ಟಿಗೂ ಮೊದಲು, ಅಕ್ಕಿಯ ಬೆಲ್ಟು ಬಿಚ್ಚಿದೆ. ಹೆಂಡತಿ ನಗಲಿಲ್ಲ, ನನ್ನ ಮುಖ ಹಾಗಿತ್ತೋ ಏನೋ. ಆವತ್ತು ಎಂಜಿನ್ ನಿಲ್ಲಲಿಲ್ಲ, ಹದ್ದು ಬಡಿಯಲಿಲ್ಲ, ಮೋಡ ಕವಿಯಲಿಲ್ಲ. ಚಲನ್ನಿನ ಹಿಂಬದಿಯಲ್ಲಿ ಬರೆಯದೆ ಬಿಟ್ಟಿದ್ದ ಒಂದೇ ಒಂದು ಆಯಿತು: ಒಂದು ಕೊಂಡಿಯನ್ನು ಒತ್ತಲು ಮರೆತೆ.