ಕಿವಿಯಣ್ಣ ಬಿಚ್ಚಿ ನೋಡದ ಯಂತ್ರ

ನಮ್ಮನೆಯವರಿಗೆ ಕೆಲಸದ ಕಡೆ ಕಿವಿಯಣ್ಣ ಎಂದೇ ಹೆಸರು. ಬಟ್ಟೆ ಒಗೆಯುವ ಯಂತ್ರಕ್ಕೆ ಕಿವಿಗೊಟ್ಟರೆ ಸಾಕು, ಒಳಗೆ ಏನು ಸವೆದಿದೆ ಎಂದು ಹೇಳಿಬಿಡುತ್ತಾರೆ. ಮನೆಯಲ್ಲಿ ನಾನು ಹತ್ತು ಸಲ ಕೂಗಿದರೂ ಕೇಳಿಸದ ಕಿವಿ ಅದು, ಇರಲಿ.

ಅವರ ಕಂಪನಿ ಯಂತ್ರ ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತದೆ. ಕೆಟ್ಟದ್ದನ್ನು ವಾಪಸ್ ತಂದು, ರಿಪೇರಿ ಮಾಡಿ, ಇನ್ನೊಂದು ಮನೆಗೆ ಕಳಿಸುತ್ತದೆ. ಒಂದೂ ಗುಜರಿಗೆ ಹೋಗಬಾರದು ಎಂಬುದು ಕಂಪನಿಯ ಹಟ. ಪ್ರತಿ ಯಂತ್ರಕ್ಕೂ ಒಂದು ಕ್ಯೂಆರ್ ಚೀಟಿ. ಮೊಬೈಲ್ ಹಿಡಿದರೆ ಅದರ ಜಾತಕವೆಲ್ಲ ಬರುತ್ತದೆ: ಯಾವ ಭಾಗ ಹಳೆಯದು, ಯಾವುದು ಹೊಸದು, ಬಿಚ್ಚಿ ನೋಡಿದವರು ಯಾರು. ಒಮ್ಮೆ ಬರೆದದ್ದನ್ನು ಅಳಿಸಲು ಬರುವುದಿಲ್ಲ, ಕೆಳಗೆ ಸೇರಿಸಬಹುದು ಅಷ್ಟೆ.

ಒಂದು ಶುಕ್ರವಾರ ನನ್ನ ತಂಗಿಯ ಮನೆಗೆ ಊಟಕ್ಕೆ ಹೋಗಬೇಕಿತ್ತು. "ಇನ್ನೂ ಅಲ್ಲೇ ಇದ್ದೀರಾ? ಆ ಯಂತ್ರನೇ ಕಟ್ಕೊಂಡು ಸಂಸಾರ ಮಾಡಿ," ಎಂದು ಮೂರು ಸಲ ಫೋನ್ ಮಾಡಿದೆ. ಕೊನೆಯ ಯಂತ್ರಕ್ಕೆ ಅವರು ಕಿವಿಗೊಟ್ಟರು, ಸದ್ದು ಸರಿಯಾಗಿತ್ತು. ಹಿಂಬದಿಯ ತಗಡು ತೆಗೆಯದೆಯೇ "ಬಿಚ್ಚಿ ನೋಡಿದೆ" ಎಂದು ಮೊಬೈಲಿನಲ್ಲಿ ಒತ್ತಿ ಬಂದುಬಿಟ್ಟರು.

ಮೂರು ವಾರ ಕಳೆದಿತ್ತು. ಇವರ ಅಕ್ಕ, ನನಗೆ ಅತ್ತಿಗೆ, ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಅತ್ತಿಗೆ ಬಟ್ಟೆ ಹೊಲಿಯುವವರು, ಆ ಕೈಯೇ ಅವರ ಅನ್ನ. ನೋಡಲು ಹೋದಾಗ ಗೊತ್ತಾಯಿತು, ಇವರ ಕಂಪನಿಯಿಂದಲೇ ತಂದ ಬಾಡಿಗೆ ಯಂತ್ರ ಸೋರಿ ನೆಲವೆಲ್ಲ ನೀರಾಗಿತ್ತಂತೆ. ಇವರು ಚೀಟಿಗೆ ಮೊಬೈಲ್ ಹಿಡಿದರು. ಬಿಚ್ಚಿ ನೋಡಿದವರ ಜಾಗದಲ್ಲಿ ಇವರದೇ ಹೆಸರು, ಆ ಶುಕ್ರವಾರದ ತಾರೀಖು.

"ಎರಡು ಯಂತ್ರ ತೋರಿಸಿದ್ರು ಕಣೋ," ಎಂದರು ಅತ್ತಿಗೆ. "ಇನ್ನೊಂದು ಹೊಸದರ ಥರಾನೇ ಇತ್ತು. ಇದರಲ್ಲಿ ನಿನ್ನ ಹೆಸರಿತ್ತಲ್ಲ, ಇದನ್ನೇ ಇಳಿಸಿ ಅಂದೆ. ಯಾಕೆ ಸೋರ್ತು ಅಂತ ನಿಮ್ಮ ಕಂಪನಿಯೋರು ಕೇಳಿದ್ರು. ನಾನೇ ಬಟ್ಟೆ ಜಾಸ್ತಿ ತುರುಕಿರ್ಬೇಕು ಅಂದೆ. ನೀನು ನೋಡಿದ ಮೇಲೆ ಯಂತ್ರದ್ದೇನು ತಪ್ಪಿರುತ್ತೆ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಇವರು ತಲೆ ಎತ್ತಲಿಲ್ಲ.

ಮರುದಿನ ಯಂತ್ರ ವರ್ಕ್‌ಶಾಪಿಗೆ ವಾಪಸಾಯಿತು. ತಗಡು ತೆಗೆದರೆ ಒಳಗಿನ ಪೈಪು ಬೆರಳುದ್ದ ಸೀಳಿತ್ತು. ಸೀಳು ಸದ್ದು ಮಾಡುವುದಿಲ್ಲ, ಕಿವಿಗೇನು ಗೊತ್ತಾಗಬೇಕು? ಚೀಟಿಯ ದಾಖಲೆಯಲ್ಲಿ ಮೇಲ್ವಿಚಾರಕರು ಆಗಲೇ "ಗ್ರಾಹಕರ ತಪ್ಪು" ಎಂದು ಬರೆದಾಗಿತ್ತು. ಇವರು ನನಗೆ ಫೋನ್ ಮಾಡಿ ಹೇಳಿದರು.

"ಸುಮ್ನಿದ್ಬಿಡಿ," ಎಂದೆ. "ಕೆಲಸ ಹೋದ್ರೆ ಏನ್ಮಾಡೋದು?"

ಹಾಗೆಂದದ್ದಕ್ಕೂ ಈಗ ನಾಚಿಕೆಯಾಗುತ್ತದೆ. ಪುಣ್ಯಕ್ಕೆ ಅವರು ನನ್ನ ಮಾತು ಕೇಳಲಿಲ್ಲ. ಮೇಲ್ವಿಚಾರಕರು ಬರೆದದ್ದರ ಕೆಳಗೇ ಬರೆದರು: "ತಪ್ಪು ಗ್ರಾಹಕರದ್ದಲ್ಲ. ನಾನು ಬಿಚ್ಚಿ ನೋಡಿರಲಿಲ್ಲ. ಸುಳ್ಳು ಬರೆದಿದ್ದೆ." ಕೆಲಸ ಹೋಗಲಿಲ್ಲ, ಆದರೆ ಯಂತ್ರ ನೋಡಿ ಪಾಸು ಮಾಡುವ ಅಧಿಕಾರ ಹೋಯಿತು. ಈಗ ವಾಪಸ್ ಬಂದ ಯಂತ್ರಗಳನ್ನು ಉಜ್ಜಿ ತೊಳೆಯುತ್ತಾರೆ.

ಅಕ್ಕನಿಗೂ ಹೋಗಿ ಹೇಳಿದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬದಲಿ ಯಂತ್ರ ಬಂದ ದಿನ ನಾವಿಬ್ಬರೂ ಅಲ್ಲೇ ಇದ್ದೆವು. ಅತ್ತಿಗೆ ಎಡಗೈಯಲ್ಲಿ ಮೊಬೈಲ್ ಹಿಡಿದು ಚೀಟಿ ಓದಿದರು.

"ಯಾರ ಹೆಸರಿದೆ ಅಕ್ಕಾ?" ಎಂದರು ಇವರು.

"ಬೇರೆ ಯಾರದ್ದೋ," ಎಂದು ಅತ್ತಿಗೆ ಗಾಡಿಯವನ ಕಡೆ ತಿರುಗಿದರು. "ಇಳಿಸಪ್ಪ, ಪರವಾಗಿಲ್ಲ."

ಇವರು ಮುಖ ತಿರುಗಿಸಿ ಹೊರಗೆ ಹೋದರು. ಆ ಶುಕ್ರವಾರ ನಾನು ಮಾಡಿದ ಮೂರು ಫೋನಿನ ಮಾತನ್ನು ಇವರು ಇವತ್ತಿಗೂ ಅಕ್ಕನಿಗೆ ಹೇಳಿಲ್ಲ. ನಾನೂ ಹೇಳಿಲ್ಲ. ನನ್ನ ಹೆಸರು ಯಾವ ಚೀಟಿಯಲ್ಲೂ ಇಲ್ಲ.