ತೊಲೆಯ ಕೆಳಗೆ ಕೂತ ಅತ್ತೆ

ಅದು 1937ರ ಬೇಸಿಗೆ. ನನಗಾಗ ಇಪ್ಪತ್ತೆರಡು ವರ್ಷ. ಇಚಲಕರಂಜಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ. ನಾನು, ನಮ್ಮ ಮನೆಯವರು, ಅತ್ತೆ, ನಾಲ್ಕು ವರ್ಷದ ಮಗಳು ಶಾಂತಾ, ಇಷ್ಟೇ ಜನ. ಊರಲ್ಲಿ ಆಗಲೇ ಕರೆಂಟಿನ ಮಗ್ಗಗಳ ಸದ್ದು ಶುರುವಾಗಿತ್ತು. ನಮ್ಮದು ಮಾತ್ರ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ನೂಲನ್ನು ಬಡಿದು ಕೂರಿಸುವ ಹಣಿಗೆಯನ್ನು ಮೇಲಿನ ತೊಲೆಯಿಂದ ಎರಡು ಹಗ್ಗಗಳಲ್ಲಿ ತೂಗುಬಿಟ್ಟಿರುತ್ತಿದ್ದೆವು. ಆ ಹಗ್ಗಗಳನ್ನು ಬಿಗಿಯುವುದು, ಸಡಿಲಿಸುವುದು ನನ್ನ ಕೆಲಸ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಜವಳಿ ವ್ಯಾಪಾರಿ ಪಾಯಗೊಂಡ ಅಣ್ಣಾ ನಮ್ಮ ಒಂದು ಸೀರೆಯನ್ನು ವಾಪಸು ತಂದ. "ಎಡಗಡೆ ಅಂಚು ಯಾಕ ಇಷ್ಟು ಸಡಿಲ ಬಂದೈತಿ? ನಿಮ್ಮ ಕೈ ಕೆಲಸ ಹಿಂಗ ಎಂದೂ ಇರಲಿಲ್ಲ" ಎಂದ. ನಮ್ಮ ಮನೆಯವರು ನನ್ನ ಕಡೆ ನೋಡಿ, "ಹಗ್ಗ ಸರಿ ಬಿಗಿದಿಲ್ಲ ನೀ" ಎಂದರು. ನಾನು ಎದ್ದು ಎಡಗಡೆಯ ಹಗ್ಗವನ್ನು ಮೇಲೆಳೆದು ಬಿಗಿದೆ. ಎಂಟು ದಿನಕ್ಕೆ ಮತ್ತೆ ಅದೇ ಕತೆ. ಮತ್ತೆ ಬಿಗಿದೆ. ಮೂರನೆಯ ಸಲ ಬಿಗಿಯುವಾಗ ನನಗೇ ಅನುಮಾನ ಬಂತು. ಎರಡೂ ಹಗ್ಗ ಒಂದೇ ದಿನ ತಂದವು, ಒಂದೇ ಹುರಿ. ಬಲಗಡೆಯದು ಒಂದು ದಿನವೂ ಜಾರಲಿಲ್ಲ.

ಯಾರಿಗೂ ಹೇಳದೆ ಒಂದು ಕೆಲಸ ಮಾಡಿದೆ. ತೊಲೆಯ ಎರಡೂ ತುದಿಗಳಿಂದ ಒಂದೊಂದು ದಾರ ಇಳಿಬಿಟ್ಟು, ತುದಿಗೆ ಒಂದೊಂದು ಕಲ್ಲು ಕಟ್ಟಿದೆ. ಕಲ್ಲಿಗೂ ನೆಲಕ್ಕೂ ನಡುವೆ ನನ್ನ ಬೆರಳು ತೂರುವಷ್ಟು ಜಾಗ ಬಿಟ್ಟೆ. ಒಂಬತ್ತನೆಯ ದಿನ ಬಲಗಡೆಯ ಕಲ್ಲಿನ ಕೆಳಗೆ ಬೆರಳು ಸಲೀಸಾಗಿ ಹೋಯಿತು. ಎಡಗಡೆಯ ಕಲ್ಲು ನೆಲಕ್ಕೆ ಕೂತುಬಿಟ್ಟಿತ್ತು. ಜಾರುತ್ತಿದ್ದುದು ನನ್ನ ಗಂಟಲ್ಲ, ಮೇಲಿನ ತೊಲೆಯೇ ಕೆಳಗಿಳಿಯುತ್ತಿತ್ತು.

ಹೇಳಿದಾಗ ನಮ್ಮ ಮನೆಯವರು ನಗಲಿಲ್ಲ, ಆದರೆ ಪೂರಾ ನಂಬಲೂ ಇಲ್ಲ. ಮನೆಯ ಹಂಚಿನ ಮಾಡು ಹತ್ತಿ ನೋಡಿ ಬಂದರು. "ಹಂಚೆಲ್ಲಾ ನೆಟ್ಟಗ ಅದಾವ. ಹೋದ ಮಳಿಗಾಲದಾಗ ಒಂದು ಹನಿ ಸೋರಿಲ್ಲ" ಎಂದರು. ಎರಡು ಹಳೆಯ ಹಂಚು ಬದಲಿಸಿ, ತೊಲೆಯ ತುದಿ ಗೋಡೆ ಹೊಕ್ಕ ಕಡೆ ಕಾಣುತ್ತಿದ್ದ ಬಿರುಕಿಗೆ ಸಗಣಿ ಮಣ್ಣು ಮೆತ್ತಿದರು. ಐದೇ ದಿನಕ್ಕೆ ಆ ಹೊಸ ಮಣ್ಣು ಅದೇ ಗೆರೆಯ ಮೇಲೆ ಸೀಳಿತು. ಬೀದಿಯ ಬಾಗಿಲು ಕೂಡ ಆಗ ಹೊಸ್ತಿಲಿಗೆ ಉಜ್ಜತೊಡಗಿತ್ತು. ಅದನ್ನು ನಾವು ಬೇಸಿಗೆಗೆ ಕಟ್ಟಿಗೆ ಉಬ್ಬಿದೆ ಎಂದುಕೊಂಡಿದ್ದೆವು. ಬೇಸಿಗೆಯಲ್ಲಿ ಕಟ್ಟಿಗೆ ಒಣಗುತ್ತದೆಯೇ ಹೊರತು ಉಬ್ಬುವುದಿಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಅತ್ತೆಗಂತೂ ಈ ಮಾತೇ ಬೇಡವಾಗಿತ್ತು. ಆ ಮನೆ ಕಟ್ಟಿದವರು ನಮ್ಮ ಮಾವ. ಚಂದಗಡದ ಕಾಡಿನ ಕಡೆಯಿಂದ ಆ ತೊಲೆಯನ್ನು ಗಾಡಿಯ ಮೇಲೆ ಹೇರಿಕೊಂಡು ಬಂದು, ತಾವೇ ನಿಂತು ಏರಿಸಿದ್ದರಂತೆ. ಅವರು ತೀರಿಕೊಂಡ ಮೇಲೆ ಅತ್ತೆ ಪ್ರತಿವರ್ಷ ದೀಪಾವಳಿಗೆ ಏಣಿ ಹಾಕಿಸಿ ತೊಲೆಗೆ ಎಣ್ಣೆ ಹಚ್ಚುತ್ತಿದ್ದರು. ಅದು ಕಪ್ಪು ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಅದರ ಎಡತುದಿಯ ಕೆಳಗೇ, ಗೋಡೆಗೆ ಬೆನ್ನು ಕೊಟ್ಟು, ಅತ್ತೆ ದಿನವಿಡೀ ರಾಟೆ ಮುಂದಿಟ್ಟುಕೊಂಡು ನೂಲು ಸುತ್ತುತ್ತಿದ್ದರು.

"ಸೋರಿದರ ಹಂಚು ಸರಸೂದು. ಸೋರದಿದ್ದರ ಸುಮ್ಮನ ಇರೂದು. ಹೊರಗಿನವರ ಕೈ ಈ ಮಾಡಿಗೆ ಇನ್ನೂತನಕ ಹತ್ತಿಲ್ಲ, ಹತ್ತೂದೂ ಬ್ಯಾಡ" ಎಂದರು ಅತ್ತೆ.

ನಾನು ಊರಿನ ಇಬ್ಬರು ಬಡಿಗರನ್ನು ಕೇಳಿದೆ. ಒಬ್ಬನಿಗೆ ಹೊಸ ಮಗ್ಗಗಳ ಶೆಡ್ಡಿನ ಕೆಲಸ, ಬಿಡುವಿಲ್ಲ. ಇನ್ನೊಬ್ಬ ಮಗ್ಗದ ಸಾಮಾನು ಮಾಡುವವನು. "ಮಾಡಿನ ಕೆಲಸ ನನಗ ಗೊತ್ತಿಲ್ರಿ. ತಿಳಿದಾಂವನ್ನ ಕರೀರಿ" ಎಂದು ನಿಜವನ್ನೇ ಹೇಳಿದ. ಅವನ ಆ ಮಾತಿಗೆ ನಾನು ಇವತ್ತಿಗೂ ಋಣಿ.

ನನ್ನ ತವರು ಗಡಹಿಂಗ್ಲಜ. ಅಲ್ಲಿ ದತ್ತೋಬಾ ಎಂಬ ಬಡಿಗ ಇದ್ದ. ಮೂಲ ಚಂದಗಡದವನು. ಆ ಕಡೆಯ ಮಳೆ ಎಂಥದೆಂದು ಎಲ್ಲರಿಗೂ ಗೊತ್ತು. ಅಲ್ಲಿ ಮಾಡು ಕಟ್ಟಿ ಹೆಸರು ಉಳಿಸಿಕೊಂಡವನೆಂದರೆ ಕೆಲಸ ಬಲ್ಲವನೇ ಸರಿ. ಮೃಗಶಿರಾ ಮಳೆಗೆ ಇನ್ನು ಹೆಚ್ಚೆಂದರೆ ಇಪ್ಪತ್ತು ದಿನ ಇತ್ತು. ಅವನನ್ನು ಕರೆತರುತ್ತೇನೆಂದು ನಾನು ನಿರ್ಧಾರ ಮಾಡಿದೆ.

"ತವರಿಗೆ ಹೋಗಾಕ ಮಾಡಿನ ನೆಪ ಸಿಕ್ಕೈತಿ ಆಕಿಗೆ" ಎಂದರು ಅತ್ತೆ, ನನಗೆ ಕೇಳಿಸಲೆಂದೇ. ನಮ್ಮ ಮನೆಯವರು ಮಾತ್ರ ನನ್ನನ್ನು ಒಮ್ಮೆ ನೋಡಿ, "ಹೋಗಿ ಬಾ. ಒಮ್ಮೆ ಯಾರಾದರೂ ತಿಳಿದಾಂವ ನೋಡಲಿ" ಎಂದರು. ಶಾಂತಾಳನ್ನು ಕಂಕುಳಲ್ಲಿ ಎತ್ತಿಕೊಂಡು ಸರ್ವಿಸ್ ಮೋಟಾರಿನಲ್ಲಿ ಕೊಲ್ಹಾಪುರಕ್ಕೆ ಹೋದೆ. ಅಲ್ಲಿಂದ ಗಡಹಿಂಗ್ಲಜದ ಮೋಟಾರು ಹಿಡಿದೆ. ಆ ಕಾಲಕ್ಕೆ ಹೆಣ್ಣುಮಗಳೊಬ್ಬಳು ಹಾಗೆ ಒಂಟಿಯಾಗಿ ಹೊರಡುವುದು ಕಡಿಮೆ. ಕೊಲ್ಹಾಪುರದಲ್ಲಿ ಮೋಟಾರು ಕಾಯುವಾಗ ನಾಲ್ಕು ಜನ, ಯಾರ ಜೊತೆ ಬಂದಿದ್ದೀರೆಂದು ಕೇಳಿದರು. ಎಲ್ಲರಿಗೂ ಮಗಳನ್ನು ತೋರಿಸಿದೆ.

ಗಡಹಿಂಗ್ಲಜ ಮುಟ್ಟಿದರೆ ದತ್ತೋಬಾ ಊರಲ್ಲಿಲ್ಲ. ನೇಸರಿಯಲ್ಲಿ ಯಾರದೋ ದನದ ಕೊಟ್ಟಿಗೆ ಕಟ್ಟುತ್ತಿದ್ದಾನೆಂದು ತಿಳಿಯಿತು. ಅವ್ವ, "ವಾರದಾಗ ಬರ್ತಾನ, ಇರು" ಎಂದಳು. ನಾನು ಮಗಳನ್ನು ಅವಳ ಹತ್ತಿರ ಬಿಟ್ಟು, ಮರುದಿನ ಬೆಳಗಾಗುತ್ತಲೇ ನೇಸರಿಗೆ ಹೊರಟಿದ್ದ ಖಾಲಿ ಗಾಡಿಯೊಂದರಲ್ಲಿ ಕೂತೆ.

ದತ್ತೋಬಾ ಅರವತ್ತರ ಹತ್ತಿರದ ಮನುಷ್ಯ. ಬಾಚಿಯಿಂದ ಒಂದು ಗಳ ಕೆತ್ತುತ್ತಾ ಕೂತಿದ್ದ. ನನ್ನ ಮಾತು ಪೂರಾ ಕೇಳದೆ, "ಆತ್ತಾ ವೇಳ ನಾಹೀ, ಬಾಯಿ" ಎಂದು ಮರಾಠಿಯಲ್ಲಿ, ಈಗ ಪುರಸೊತ್ತಿಲ್ಲವೆಂದ. ಆಮೇಲೆ ಕನ್ನಡಕ್ಕೆ ಹೊರಳಿ, "ಮಳಿ ಬಾಗಿಲಿಗೆ ಬಂದೈತಿ. ಇನ್ನೂ ಮೂರು ಮನಿ ಬಾಕಿ ಅದಾವ. ದೀಪಾವಳಿ ಆದಮ್ಯಾಲ ಬರ್ತೇನಿ" ಎಂದ.

ನಾನು ದಾರ ಮತ್ತು ಕಲ್ಲಿನ ವಿಷಯ ಹೇಳಿದೆ. ಅವನ ಬಾಚಿ ನಿಂತಿತು.

"ಎಷ್ಟು ಇಳದೈತಿ?"

"ಒಂದು ಬೆರಳು."

"ಎಷ್ಟು ದಿನದಾಗ?"

"ಒಂಬತ್ತು."

"ಸೋರತೈತೇನು?"

"ಒಂದು ಹನಿನೂ ಇಲ್ರಿ. ಅದಕ್ಕs ಮನ್ಯಾಗ ಯಾರೂ ನಂಬವಲ್ರು. ಮೆತ್ತಿದ ಮಣ್ಣು ಮತ್ತ ಸೀಳೈತಿ. ಬಾಗಿಲಾ ಉಜ್ಜಾಕತ್ತೈತಿ."

"ಈಗ ಆ ತುದಿ ಬುಡಕ ಯಾರು ಕುಂದರ್ತಾರ?"

"ನಮ್ಮ ಅತ್ತಿ. ದಿನಾಲೂ."

ದತ್ತೋಬಾ ಎದ್ದು ನಿಂತ. ಕೊಟ್ಟಿಗೆಯ ಯಜಮಾನನ ಹತ್ತಿರ ಹೋಗಿ ಏನೋ ಮಾತಾಡಿ ಬಂದ. "ಅವರ ದನಾ ನಾಲ್ಕು ದಿನಾ ಗಿಡದ ಬುಡಕ ಇರ್ತಾವಂತ. ನಡೀರಿ" ಎಂದ. ಹೆಸರೂ ಗೊತ್ತಿಲ್ಲದ ಆ ಯಜಮಾನ ದೂರದಿಂದಲೇ ನನಗೆ ಕೈಯೆತ್ತಿ ಹೋಗೆಂದು ಸನ್ನೆ ಮಾಡಿದ.

ಶಾಂತಾಳನ್ನು ಅವ್ವನ ಹತ್ತಿರವೇ ಬಿಟ್ಟು, ಮೂರನೆಯ ದಿನ ಮಧ್ಯಾಹ್ನ ನಾವಿಬ್ಬರು ಇಚಲಕರಂಜಿ ಸೇರಿದೆವು. ದತ್ತೋಬಾ ಒಳಗೆ ಬರಲಿಲ್ಲ. ಮೊದಲು ಬೀದಿಯ ಆಚೆ ಬದಿಗೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನಮ್ಮ ಮಾಡಿನ ನೆತ್ತಿಯನ್ನು ನೋಡಿದ. ನನ್ನನ್ನೂ ಕರೆದು ತೋರಿಸಿದ. ನೆತ್ತಿಯ ಗೆರೆ ಒಂದು ಕಡೆ ಮುದಿ ಎತ್ತಿನ ಬೆನ್ನಿನ ಹಾಗೆ ತಗ್ಗಿತ್ತು. ಆರು ವರ್ಷ ಆ ಬೀದಿಯಲ್ಲಿ ಓಡಾಡಿದ್ದರೂ ನಾನು ಒಮ್ಮೆಯೂ ನಿಂತು ನೋಡಿರಲಿಲ್ಲ.

ಆಮೇಲೆ ಒಳಗೆ ಬಂದು ಅತ್ತೆಗೆ ಕೈಮುಗಿದು, ಏಣಿ ಹತ್ತಿ, ತೊಲೆಯನ್ನು ಕೊಡತಿಯ ಹಿಡಿಕೆಯಿಂದ ಬಲಗಡೆಯಿಂದ ತಟ್ಟುತ್ತಾ ಬಂದ. ಟಣ್ ಟಣ್ ಎನ್ನುತ್ತಿದ್ದ ಸದ್ದು ಎಡಕ್ಕೆ ಬರುತ್ತಾ ಬರುತ್ತಾ ಟೊಳ್ಳಾಯಿತು. ಗೋಡೆಯ ಹತ್ತಿರ ಒಂದು ದಬ್ಬಣ ಇಟ್ಟು ಅಂಗೈಯಿಂದ ಒತ್ತಿದ. ಅದು ಹಿಡಿಯವರೆಗೂ ಹೋಯಿತು. ಅವನು ಅದನ್ನು ಹೊರಗೆ ಎಳೆಯಲಿಲ್ಲ. ಮೆಲ್ಲಗೆ ಇಳಿದು ಬಂದ.

"ಗೆದ್ದಲಾ ಗ್ವಾಡಿಯೊಳಗಿಂದ ಏರ್ಯಾವ. ಮ್ಯಾಲಿನ ತೊಗಲಷ್ಟs ಉಳದೈತಿ" ಎಂದ. ನಮ್ಮ ಮನೆಯವರಿಗೆ ಗಟ್ಟಿಯಾದ ಎರಡು ಗಳ ತರಲು ಹೇಳಿದ. "ಆಸರಾ ನಿಲ್ಲಿಸೂತನಕ ಯಾರೂ ಒಳಗ ಇರಬ್ಯಾಡ್ರಿ. ಒಂದು ಗಳಿಗೀನೂ ಬ್ಯಾಡ."

ನಮ್ಮ ಮನೆಯವರು ಗಳ ತರಲು ಓಡಿದರು. ಅತ್ತೆ ರಾಟೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಅತ್ತಿ, ಹೊರಗ ಬರ್ರಿ" ಎಂದೆ.

"ನನ್ನ ಗಂಡ ಏರಿಸಿದ ತೊಲಿ ಇದು. ಇಪ್ಪತ್ತೈದು ವರ್ಷ ಇದರ ಬುಡಕ ಕುಂತೇನಿ. ಇವತ್ತು ಯಾವಾಂವೋ ಬಂದು ಸೂಜಿ ಚುಚ್ಚಿದಾ ಅಂತ ಏಳಲೇನು?"

ಬೇಡಿಕೊಂಡೆ. ಏಳಲಿಲ್ಲ. ಕೈ ಹಿಡಿದು ಎಳೆದೆ, ಕೊಸರಿಕೊಂಡರು. ಆಗ ನನಗೆ ಬೇರೆ ದಾರಿ ಕಾಣಲಿಲ್ಲ. ಅವರ ರಾಟೆಯನ್ನು ಎತ್ತಿ ಬೀದಿಯ ಕಟ್ಟೆಯ ಮೇಲೆ ಇಟ್ಟು ಬಂದೆ. ಬಂದು ಅವರ ಪಕ್ಕದಲ್ಲೇ, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತೆ.

"ನೀ ಯಾಕ ಕುಂತಿ?"

"ನೀವು ಏಳೂತನಕ ನಾನೂ ಏಳೂದಿಲ್ಲ."

ಬಾಗಿಲಲ್ಲಿದ್ದ ದತ್ತೋಬಾ, "ಬಾಯಿ, ಇದು ಆಟ ಅಲ್ರಿ" ಎಂದ. ನಾನು ಅವನ ಕಡೆ ನೋಡಲಿಲ್ಲ. ಮೇಲಿನಿಂದ ಕಡಲೆಹಿಟ್ಟಿನಂಥ ಸಣ್ಣ ಪುಡಿ ಉದುರಿ ನನ್ನ ಮಂಡಿಯ ಮೇಲೆ ಬಿತ್ತು. ಅತ್ತೆ ಆ ಪುಡಿಯನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು.

"ನಿನಗ ಸಣ್ಣ ಮಗಳ ಅದಾಳ" ಎಂದರು.

"ಹೌದ್ರಿ. ಆಕಿಗೆ ಅಜ್ಜಿನೂ ಬೇಕು."

ಅತ್ತೆ ಕೈಯಲ್ಲಿದ್ದ ನೂಲನ್ನು ಕೆಳಗಿಟ್ಟರು. ಆಮೇಲೆ ಗೋಡೆ ಹಿಡಿದು ಎದ್ದರು. "ಭಾಳ ಹಟಮಾರಿ ಅದಿ" ಎಂದು ಗೊಣಗುತ್ತಾ ಹೊರಗೆ ನಡೆದರು. ನಾನು ಅವರ ಹಿಂದೆಯೇ ಹೊರಬಿದ್ದೆ.

ಗಳಗಳು ಬಂದವು. ಭಾರ ಕಡಿಮೆ ಮಾಡದೆ ಯಾರೂ ತೊಲೆಯ ಕೆಳಗೆ ಹೋಗುವಂತಿಲ್ಲ ಎಂದು ದತ್ತೋಬಾ ಹೊರಗಿನ ಗೋಡೆಗೆ ಏಣಿ ಹಚ್ಚಿ ಹಂಚು ಇಳಿಸತೊಡಗಿದ. ನಮ್ಮ ಮನೆಯವರು ಕೆಳಗೆ ನಿಂತು ಹಿಡಿಯುತ್ತಿದ್ದರು. ಮೂರನೆಯ ಸಾಲು ಇಳಿಸುವಾಗ ಒಳಗಿನಿಂದ ಹಳೆಯ ಗಾಡಿಯ ಚಕ್ರ ನರಳಿದಂಥ ಸದ್ದು ಬಂತು. ದತ್ತೋಬಾ ಏಣಿಯಿಂದ ಇಳಿದದ್ದನ್ನು ನಾನು ಕಾಣಲಿಲ್ಲ. ಅಷ್ಟರಲ್ಲೇ ಅವನು ನಮ್ಮ ಮನೆಯವರ ತೋಳು ಹಿಡಿದು ಎಳೆದುಕೊಂಡು ಬಂದು ಬೀದಿಯ ನಡುವೆ ನಿಂತಿದ್ದ. ತೊಲೆಯ ಎಡತುದಿ ಗೋಡೆಯನ್ನು ಕೆರೆಯುತ್ತಾ ಕೆಳಗೆ ಬಂತು. ಅದರ ಹಿಂದೆ ಗಳ, ಹಂಚು, ಮಣ್ಣು ಎಲ್ಲ ಬಂದವು. ಬಾಗಿಲಿನಿಂದ ಕೆಂಪು ದೂಳು ಹೊರಬಂದು ಓಣಿಯನ್ನೆಲ್ಲ ತುಂಬಿತು.

ದೂಳು ಇಳಿದ ಮೇಲೆ ನೋಡಿದೆವು. ಹಣಿಗೆ ಎರಡು ತುಂಡಾಗಿತ್ತು. ಅತ್ತೆ ಮತ್ತು ನಾನು ಕೂತಿದ್ದ ಜಾಗದಲ್ಲಿ ಎದೆಯೆತ್ತರದ ಹಂಚಿನ ರಾಶಿ ಇತ್ತು. ಯಾರಿಗೂ ಒಂದು ಗೀರು ಕೂಡ ಆಗಿರಲಿಲ್ಲ.

ದತ್ತೋಬಾ ಬೇಡವೆಂದರೂ ಅತ್ತೆ ಬಾಗಿಲವರೆಗೆ ಹೋದರು. ಮುರಿದ ತೊಲೆಯ ತುದಿಯಿಂದ ಒಂದು ಚೂರು ಎತ್ತಿಕೊಂಡು ಬೆರಳಲ್ಲಿ ಹಿಸುಕಿದರು. ಹಳಸಿದ ರೊಟ್ಟಿಯ ಹಾಗೆ ಪುಡಿಯಾಯಿತು. "ಮ್ಯಾಲ ಎಣ್ಣಿ ಹಚ್ಚಿಕೋತ ಹ್ವಾದೆ. ಒಳಗ ಏನಾಗೈತಿ ನೋಡಲೇ ಇಲ್ಲ" ಎಂದರು. ಅಳಲಿಲ್ಲ. ಪಕ್ಕದ ಮನೆಗೆ ಹೋಗಿ ಚೊಂಬಿನಲ್ಲಿ ನೀರು ತಂದು, ತಾವೇ ದತ್ತೋಬಾನ ಕೈಗೆ ಕೊಟ್ಟರು.

ನಾಲ್ಕು ದಿನಕ್ಕೆಂದು ಬಂದವನು ಹನ್ನೆರಡು ದಿನ ಇದ್ದ. ನೇಸರಿಯ ಯಜಮಾನನಿಗೆ ಹೇಳಿಕಳಿಸಿದರೆ, ಮನುಷ್ಯರ ಮನೆ ಮೊದಲಾಗಲಿ ಎಂದು ಉತ್ತರ ಬಂತು. ಹೊಸ ತೊಲೆಯ ತುದಿಗಳಿಗೆ ಡಾಂಬರು ಬಳಿದು, ಮಣ್ಣಿಗೆ ತಾಗದಂತೆ ಕೆಳಗೆ ಕಲ್ಲಿನ ಚಪ್ಪಡಿ ಕೊಟ್ಟು ಕೂರಿಸಿದ. ಹಂಚು ಹೊದಿಸಿದ ಮೂರನೆಯ ದಿನ ಮಳೆ ಹಿಡಿಯಿತು. ತಾನು ಕಟ್ಟಿದ ಮಾಡನ್ನು ಮೊದಲ ಮಳೆಯಲ್ಲಿ ನೋಡದೆ ಹೋಗುವುದಿಲ್ಲವೆಂದು ಅವನು ಅದಕ್ಕಾಗಿಯೇ ಉಳಿದಿದ್ದ. ಮಳೆ ಸುರಿಯುವಾಗ ನಮ್ಮನ್ನೆಲ್ಲ ಮನೆಯ ತುಂಬ ತಿರುಗಾಡಿಸಿದ.

"ಹಂಚು ಒಡದರ ನೀವs ಹಾಕ್ಕೋರಿ, ಅದಕ್ಕ ನಾ ಬ್ಯಾಡ" ಎಂದ. "ಆದರ ನೆತ್ತಿ ತಗ್ಗಿದರ, ಮೆತ್ತಿದ ಬಿರುಕು ಮತ್ತ ಬಾಯಿ ಬಿಟ್ಟರ, ಬಾಗಿಲಾ ಕಾರಣ ಇಲ್ಲದ ಹಿಡದರ, ಆವಾಗ ನೀವು ಮಾಡು ಹತ್ತಬ್ಯಾಡ್ರಿ. ತಿಳಿದಾಂವನ್ನ ಕರೀರಿ. ಸೋರೂ ಮಾಡು ತಾನs ಕೂಗಿ ಹೇಳತೈತಿ. ಬೀಳೂ ಮಾಡು ಭಾಳ ಸಲ ಹೇಳೂದಿಲ್ಲ."

ಮಗ್ಗ ರಿಪೇರಿಯಾದ ಮೇಲೆ ನೇಯ್ದ ಮೊದಲ ಸೀರೆಯನ್ನು ಅತ್ತೆ ವ್ಯಾಪಾರಿಗೆ ಕೊಡಲಿಲ್ಲ. ದತ್ತೋಬಾನ ಹೆಂಡತಿಗೆ ಗಡಹಿಂಗ್ಲಜಕ್ಕೆ ಕಳಿಸಿದರು.

ಆ ಮಧ್ಯಾಹ್ನ ನಾನು ತೊಲೆಯ ಕೆಳಗೆ ಕೂತದ್ದನ್ನು ಅತ್ತೆ ಮುಂದೆ ಎಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದು ಧೈರ್ಯವೋ ಮೂರ್ಖತನವೋ ನನಗೆ ಈಗಲೂ ತಿಳಿಯದು. ನನಗೆ ನೆನಪಿರುವುದು ಭಯ ಮಾತ್ರ, ಮತ್ತು ಆ ಭಯದಲ್ಲೂ ಏಳಬಾರದೆಂಬ ಹಟ.

ಏಳೆಂಟು ವರ್ಷದ ಮೇಲೆ, ಯುದ್ಧ ಮುಗಿದ ವರ್ಷವಿರಬೇಕು, ಎದುರು ಮನೆಯವರ ಗೋಡೆ ಬಿರುಕು ಬಿಟ್ಟಿತು. ಆ ಮನೆಯ ಹೆಂಗಸು ನಮ್ಮ ಕಟ್ಟೆಗೆ ಬಂದು, "ನಿಮ್ಮ ಮಾಡು ಎಷ್ಟು ಗಟ್ಟಿ ನಿಂತೈತಿ. ಯಾರು ಮಾಡಿದ್ದು?" ಎಂದು ಅತ್ತೆಯನ್ನು ಕೇಳಿದಳು. ನಾನು ಒಳಗೆ ಹಗ್ಗ ಬಿಗಿಯುತ್ತಿದ್ದೆ. ದತ್ತೋಬಾನ ಹೆಸರು ಹೇಳುತ್ತಾರೆಂದುಕೊಂಡೆ.

"ಕಟ್ಟಿದಾಂವ ಗಡಹಿಂಗ್ಲಜದ ಬಡಿಗ್ಯಾ" ಎಂದರು ಅತ್ತೆ. "ಆದರ ಈ ಮನಿ ಉಳಿಸಿದಾಕಿ ನನ್ನ ಸೊಸಿ. ನಾ ಬೈತಿದ್ದೆ, ಆಕಿ ಕೇಳಲಿಲ್ಲ. ಒಳಗ ಅದಾಳ, ಆಕಿನ್ನ ಕೇಳು."

ನಾನು ಕೈಯಲ್ಲಿದ್ದ ಹಗ್ಗ ಬಿಟ್ಟು ಹೊರಗೆ ಬಂದೆ. ಆ ಹೆಂಗಸಿನ ಜೊತೆ ಬೀದಿಯ ನಮ್ಮ ಬದಿಯಲ್ಲೇ, ಅವರ ಮನೆಯ ನೆತ್ತಿ ಕಾಣುವಷ್ಟು ಹಿಂದಕ್ಕೆ ಸರಿದು ನಿಂತೆ.